ಯೌವನದ ಮುಖವೂ ಮೊಡವೆಯ ಚಿಕಿತ್ಸೆಯೂ



ಮೊಡವೆಯಿಂದ ಯಾರೂ ಸಾಯುವುದಿಲ್ಲ. ಸಾಯುವುದಿಲ್ಲವೆಂಬ ಈ ಒಂದು ಕಾರಣಕ್ಕಾಗಿಯೇ, ಮನುಷ್ಯನ ಮೈಮೇಲೆ ಬರತಕ್ಕ ವ್ಯಾಧಿಗಳಲ್ಲಿ ಅತ್ಯಂತ ಸಾಮಾನ್ಯವಾದವುಗಳ ಪಂಕ್ತಿಗೆ ಸೇರಿದ ಇದನ್ನು ನಾವು ವ್ಯಾಧಿಯೆಂದೇ ಎಣಿಸದೆ, ವಯೋಧರ್ಮವೆಂದು ಕೆಲವರೂ, ಉಷ್ಣದ ಪ್ರಕೋಪವೆಂದು ಕೆಲವರೂ, ಮುಖ ತೊಳೆಯದ ಸೋಮಾರಿತನದ ಫಲವೆಂದು ಮತ್ತೆ ಕೆಲವರೂ ನಿರ್ಣಯಿಸಿ, ಆ ನಿರ್ಣಯದೊಡನೆಯೇ ನಮ್ಮ ಹೊಣೆ ತೀರಿತೆಂದು ಭಾವಿಸುತ್ತೇವೆ. 12ರಿಂದ 24 ವರ್ಷದೊಳಗಿನವರಲ್ಲಿ ಸುಮಾರು ಶೇಕಡಾ 85 ಮಂದಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಮೊಡವೆ ಬರುತ್ತದೆಂದು ವೈದ್ಯಗ್ರಂಥಗಳು ಹೇಳುತ್ತವೆ. ಇಷ್ಟು ಮಂದಿಗೆ ಬರುವುದು ರೋಗ ಹೇಗಾದೀತು ಎಂಬುದು ಉಪೇಕ್ಷೆಗೆ ಇನ್ನೊಂದು ಕಾರಣ. ಹಲ್ಲುಹುಳುಕೂ ಬಹುಮಂದಿಗೆ ಬರುತ್ತದೆ. ಆದರೂ ಅದು ರೋಗವೇ, ಅದಕ್ಕೆ ವೈದ್ಯನೂ ಇದ್ದಾನೆ, ಚಿಕಿತ್ಸೆಯೂ ಇದೆ. ಮೊಡವೆಯ ಸಂಗತಿಯೂ ಹಾಗೆಯೇ.

ಕಾಲಿನ ಹುಣ್ಣನ್ನು ಪಂಚೆಯಿಂದ ಮರೆಮಾಡಬಹುದು, ಬೆನ್ನಿನದನ್ನು ಅಂಗಿಯಿಂದ ಮುಚ್ಚಬಹುದು. ಮುಖವನ್ನಾದರೋ ಲೋಕದ ಎದುರಿಗೆ ತೆರೆದುಕೊಂಡೇ ನಡೆಯಬೇಕು. ತನ್ನ ರೂಪದ ವಿಷಯದಲ್ಲಿ ಮನಸ್ಸು ಅತ್ಯಂತ ಮೃದುವಾಗಿರುವ ಹದಿನೈದು ಹದಿನಾರರ ವಯಸ್ಸಿನಲ್ಲಿಯೇ ಕೆನ್ನೆಯ ತುಂಬ ಕೆಂಪು ಗುಳ್ಳೆಗಳೆದ್ದು ಕೀವು ಕಟ್ಟಿಕೊಂಡ ಹುಡುಗಿಯೊಬ್ಬಳು, ಮದುವೆಮನೆಗೆ ಹೋದರೆ ಚಿಕ್ಕಮ್ಮನಿಂದ ಒಂದು ಮಾತನ್ನೂ, ಸೋದರತ್ತೆಯಿಂದ ಒಂದು ಮದ್ದನ್ನೂ, ಪರಿಚಯವೇ ಇಲ್ಲದ ಯಾರಿಂದಲೋ ಒಂದು ಅನುಕಂಪವನ್ನೂ ಕೇಳಿಸಿಕೊಂಡು ಬಂದು, ಮರುದಿನದಿಂದ ಎಲ್ಲಿಗೂ ಬರುವುದಿಲ್ಲವೆಂದು ಕೋಣೆಯ ಬಾಗಿಲು ಹಾಕಿಕೊಳ್ಳುವುದು ನಮ್ಮ ಮನೆಗಳಲ್ಲಿ ನಡೆಯದ ಸಂಗತಿಯೇನಲ್ಲ. ಹುಡುಗರು ಹೇಳಿಕೊಳ್ಳುವುದಿಲ್ಲ, ತರಗತಿಯ ಹಿಂದಿನ ಬೆಂಚಿಗೆ ಸರಿಯುತ್ತಾರೆ. ಮೊಡವೆಯಿಂದ ಪೀಡಿತರಾದವರಲ್ಲಿ ಖಿನ್ನತೆಯೂ ಆತಂಕವೂ ಇತರರಿಗಿಂತ ಹೆಚ್ಚೆಂಬುದು ಅನೇಕ ದೇಶಗಳ ವೈದ್ಯರು ಕಂಡುಕೊಂಡ ವಿಷಯ. ಮುಖದ ಮೇಲಿರುವ ಗುಳ್ಳೆಗಳ ಸಂಖ್ಯೆಯನ್ನು ನೋಡಿ ಒಳಗಿನ ದುಃಖವನ್ನು ಅಳೆಯಲಾಗದು. ನಾಲ್ಕೇ ಮೊಡವೆಗಳಿರುವ ಮಗುವೂ ರಾತ್ರಿಯೆಲ್ಲ ಅತ್ತಿರಬಹುದು. 'ಮದುವೆಯಾದರೆ ತಾನೇ ಹೋಗುತ್ತದೆ' ಎಂಬ ಮಾತನ್ನು ಆ ಮಗುವಿಗೆ ಹೇಳುವುದು ಸಮಾಧಾನವೂ ಅಲ್ಲ, ಸತ್ಯವೂ ಅಲ್ಲ.

ನಮ್ಮ ಪೂರ್ವಿಕರು ಇದನ್ನು ರೋಗವೆಂದೇ ಗಣಿಸಿದ್ದರು. ಸುಶ್ರುತಸಂಹಿತೆಯಲ್ಲಿ ಕ್ಷುದ್ರರೋಗಗಳ ಪ್ರಕರಣದಲ್ಲಿ ಮುಖದೂಷಿಕೆಯೆಂಬ ಹೆಸರಿನಿಂದ ಇದರ ಉಲ್ಲೇಖವಿದೆ. ತರುಣರ ಮುಖದಲ್ಲಿ ಕಫ, ವಾತ, ರಕ್ತಗಳ ದೋಷದಿಂದ ಹುಟ್ಟುವ, ಶಾಲ್ಮಲಿಯ ಅಂದರೆ ಬೂರುಗದ ಮರದ ಮುಳ್ಳನ್ನು ಹೋಲುವ ಪಿಡಕೆಗಳು ಇವು ಎಂದು ಅಲ್ಲಿ ವರ್ಣಿತವಾಗಿದೆ. ಬೂರುಗದ ಎಳೆಯ ಕಾಂಡವನ್ನು ಕಂಡವರಿಗೆ ಈ ಉಪಮೆಯ ಯಥಾರ್ಥತೆ ತಿಳಿಯುತ್ತದೆ: ಬುಡ ಅಗಲ, ತುದಿ ಚೂಪು, ಒಂದರ ಪಕ್ಕದಲ್ಲೊಂದು ಎದ್ದ ಗಟ್ಟಿ ಉಬ್ಬುಗಳು. ಯೌವನಕ್ಕೂ ಮುಖಕ್ಕೂ ಈ ಪಿಡಕೆಗಳಿಗೂ ಇರುವ ಸಂಬಂಧವನ್ನು ಆ ಆಚಾರ್ಯನು ಸರಿಯಾಗಿಯೇ ಗುರುತಿಸಿದ್ದನು. ಆ ಸಂಬಂಧದ ಕಾರಣವು ಮಾತ್ರ ಕಳೆದ ಶತಮಾನದಲ್ಲಿ ಸ್ಪಷ್ಟವಾಯಿತು.

ಅಂಗೈ ಅಂಗಾಲುಗಳನ್ನುಳಿದು ನಮ್ಮ ಚರ್ಮದಲ್ಲೆಲ್ಲ ಅಸಂಖ್ಯಾತ ರೋಮಕೂಪಗಳಿವೆ. ಪ್ರತಿಯೊಂದು ರೋಮಕೂಪದ ಮಗ್ಗುಲಿಗೂ ಜಿಡ್ಡನ್ನು ಸ್ರವಿಸತಕ್ಕ ಒಂದು ಪುಟ್ಟ ಗ್ರಂಥಿ ಅಂಟಿಕೊಂಡಿದ್ದು, ಆ ಜಿಡ್ಡು ಕೂಪದ ಮಾರ್ಗವಾಗಿ ಮೇಲಕ್ಕೆ ಬಂದು ಚರ್ಮವನ್ನು ನಯವಾಗಿಡುತ್ತದೆ. ಹಣೆ, ಮೂಗು, ಕೆನ್ನೆ, ಎದೆ, ಹೆಗಲು, ಬೆನ್ನಿನ ಮೇಲ್ಭಾಗ, ಈ ಸ್ಥಳಗಳಲ್ಲಿ ಗ್ರಂಥಿಗಳು ದೊಡ್ಡವೂ ಹೌದು, ಒತ್ತಾಗಿಯೂ ಇರುತ್ತವೆ; ಮೊಡವೆ ಏಳುವುದೂ ಅಲ್ಲಿಯೇ. ಬಾಲ್ಯದಲ್ಲಿ ಬಹುಮಟ್ಟಿಗೆ ನಿದ್ರಿಸುತ್ತಿರುವ ಈ ಗ್ರಂಥಿಗಳನ್ನು ಯೌವನಾರಂಭದಲ್ಲಿ ಎಚ್ಚರಿಸತಕ್ಕವು ಆಂಡ್ರೊಜೆನ್ ಎಂಬ ಹಾರ್ಮೋನುಗಳು. ಇವನ್ನು ಪುರುಷ ಹಾರ್ಮೋನುಗಳೆಂದು ಕರೆಯುವುದು ರೂಢಿಯಾದರೂ ಸ್ತ್ರೀಯರ ದೇಹದಲ್ಲಿಯೂ ಅಂಡಾಶಯ ಮತ್ತು ಅಡ್ರಿನಲ್ ಗ್ರಂಥಿಗಳಿಂದ ಇವು ಅಲ್ಪಪ್ರಮಾಣದಲ್ಲಿ ಉತ್ಪನ್ನವಾಗುತ್ತವೆ. ಪ್ರಾಯಕ್ಕೆ ಬರುವ ಮೊದಲೇ ವೃಷಣಗಳನ್ನು ಕಳೆದುಕೊಂಡವರಲ್ಲಿ ಮೊಡವೆ ಹುಟ್ಟುವುದಿಲ್ಲವೆಂಬುದನ್ನೂ, ಅಂಥವರಿಗೆ ಟೆಸ್ಟೋಸ್ಟಿರೋನ್ ಕೊಟ್ಟರೆ ಹುಟ್ಟಬಹುದೆಂಬುದನ್ನೂ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಎಂಬ ವಿದ್ವಾಂಸರು 1941ರಲ್ಲಿ ಪ್ರಕಟಿಸಿ ಈ ವಿಷಯದಲ್ಲಿದ್ದ ಸಂದೇಹವನ್ನು ಪರಿಹರಿಸಿದರು. ಹಾಗೆಂದು ಮೊಡವೆಯಿದ್ದವರ ರಕ್ತದಲ್ಲೆಲ್ಲ ಹಾರ್ಮೋನು ಹೆಚ್ಚಿದೆಯೆಂದು ತಿಳಿಯಬಾರದು. ಬಹುಮಂದಿಯಲ್ಲಿ ಅದರ ಪ್ರಮಾಣ ಸಹಜವಾಗಿಯೇ ಇದ್ದು, ಅವರ ಗ್ರಂಥಿಗಳು ಮಾತ್ರ ಅದಕ್ಕೆ ಅತಿಯಾಗಿ ಓಗೊಡುತ್ತವೆ. ಈ ಸ್ವಭಾವವು ಹೆಚ್ಚಾಗಿ ವಂಶಪಾರಂಪರ್ಯವಾಗಿ ಬರುವುದೆಂದು ಅವಳಿ ಮಕ್ಕಳ ಅಧ್ಯಯನದಿಂದ ತಿಳಿದುಬಂದಿದೆ.

ಜಿಡ್ಡು ಹೆಚ್ಚಿದ ಮಾತ್ರಕ್ಕೆ ಮೊಡವೆಯಾಗುವುದಿಲ್ಲ. ಕೂಪದ ಒಳಗೋಡೆಯಿಂದ ಸತ್ತ ಕೋಶಗಳು ಸದಾ ಉದುರಿ ಜಿಡ್ಡಿನೊಡನೆ ಹೊರಕ್ಕೆ ಸಾಗುತ್ತಿರಬೇಕು. ಮೊಡವೆಯ ಚರ್ಮದಲ್ಲಿ ಅವು ಉದುರದೆ ಒಂದಕ್ಕೊಂದು ಅಂಟಿಕೊಂಡು, ಕೆರೆಯ ತೂಬಿಗೆ ಹೂಳು ಕಟ್ಟಿದ ಹಾಗೆ, ಕೂಪದ ಬಾಯಿಯನ್ನು ಕಟ್ಟಿಬಿಡುತ್ತವೆ. ಹಿಂದೆ ಜಿಡ್ಡು ಸಂಗ್ರಹವಾಗುತ್ತ ಹೋಗುತ್ತದೆ. ಬಾಯಿ ಪೂರ್ಣವಾಗಿ ಮುಚ್ಚಿದ್ದರೆ ಅದು ಬಿಳಿಯ ಸಣ್ಣ ಮೊನೆಯಾಗಿಯೂ, ತೆರೆದಿದ್ದರೆ ಕಪ್ಪು ಮೊನೆಯಾಗಿಯೂ ಕಾಣಿಸುತ್ತದೆ. ಈ ಕಪ್ಪನ್ನು ಕೊಳೆಯೆಂದು ತಿಳಿದು ಎಷ್ಟೋ ಮಕ್ಕಳು ಮೂಗನ್ನು ಉಜ್ಜಿ ಉಜ್ಜಿ ಗಾಯಮಾಡಿಕೊಳ್ಳುತ್ತಾರೆ. ಅದು ಕೊಳೆಯಲ್ಲ, ಚರ್ಮದ ಬಣ್ಣಕ್ಕೆ ಕಾರಣವಾದ ಮೆಲನಿನ್ ಗಾಳಿಯ ಸಂಪರ್ಕದಿಂದ ಕಪ್ಪಾದದ್ದು. ಯಾವ ಸಾಬೂನಿನಿಂದಲೂ ಅದು ಹೋಗದು.

ಇನ್ನು ಮುಚ್ಚಿಹೋದ ಆ ಕೂಪದೊಳಗೆ, ಗಾಳಿಯಾಡದ ಜಿಡ್ಡಿನಲ್ಲಿ ಸುಖವಾಗಿ ಬೆಳೆಯತಕ್ಕ ಒಂದು ಬ್ಯಾಕ್ಟೀರಿಯಾ ಇದೆ. ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಹೆಸರಿನ ಇದು ಹೊರಗಿನಿಂದ ಬಂದ ಶತ್ರುವಲ್ಲ. ಆರೋಗ್ಯವಂತರೆಲ್ಲರ ಚರ್ಮದಲ್ಲಿಯೂ ನೆಲಸಿರುವ ನಿವಾಸಿ. ಆದುದರಿಂದ ಮೊಡವೆ ಒಬ್ಬರಿಂದೊಬ್ಬರಿಗೆ ಅಂಟುವ ರೋಗವಲ್ಲ. ಮೊಡವೆಯ ಮಗುವಿನ ಟವಲನ್ನು ಬೇರೆ ಇಡಬೇಕಾದ ಅಗತ್ಯವಿಲ್ಲ, ಇಟ್ಟರೆ ಆ ಮಗುವಿನ ಮನಸ್ಸಿಗೆ ಆಗುವ ನೋವು ಮಾತ್ರ ನಿಜ. ಈ ಸೂಕ್ಷ್ಮಜೀವಿಯ ವಿರುದ್ಧವೂ, ಕೂಪ ಒಡೆದು ಸೋರಿದ ಜಿಡ್ಡಿನ ವಿರುದ್ಧವೂ ಶರೀರವು ಹೂಡುವ ಹೋರಾಟವೇ ನಮಗೆ ಕಾಣುವ ಕೆಂಪು, ಬಾವು, ಕೀವು. ಕೂಪದ ಗೋಡೆ ಆಳದಲ್ಲಿ ಒಡೆದುಹೋದರೆ ಗಟ್ಟಿಯಾದ, ನೋಯುವ ಗಂಟುಗಳಾಗುತ್ತವೆ. ಗುಳಿಬಿದ್ದ ಗುರುತುಗಳನ್ನು ಉಳಿಸಿ ಹೋಗುವವು ಮುಖ್ಯವಾಗಿ ಇವೇ.

ಇಷ್ಟು ವಿಸ್ತಾರವಾಗಿ ಹೇಳಿದುದಕ್ಕೆ ಒಂದು ಉದ್ದೇಶವಿದೆ. ಬೆಳಿಗ್ಗೆ ಕನ್ನಡಿಯಲ್ಲಿ ಕಂಡ ಮೊಡವೆ ನಿನ್ನೆ ರಾತ್ರಿ ಹುಟ್ಟಿದ್ದಲ್ಲ. ಕೂಪದ ಬಾಯಿ ಕಟ್ಟತೊಡಗಿ, ಅದು ಕಣ್ಣಿಗೆ ಕಾಣುವ ಗುಳ್ಳೆಯಾಗಲು ಅನೇಕ ವಾರಗಳು ಹಿಡಿಯುತ್ತವೆ. ಈ ಕ್ಷಣದಲ್ಲಿ ನಿರ್ಮಲವಾಗಿ ಕಾಣುವ ಕೆನ್ನೆಯ ಭಾಗದಲ್ಲಿ ಮುಂದಿನ ತಿಂಗಳ ಮೊಡವೆಗಳು ಆಗಲೇ ಸಿದ್ಧವಾಗುತ್ತಿರುತ್ತವೆ. ಮೊಡವೆಯ ಸಮಸ್ತ ಚಿಕಿತ್ಸಾಕ್ರಮವೂ ಈ ಒಂದು ಸಂಗತಿಯ ಮೇಲೆ ನಿಂತಿದೆ. ಔಷಧವನ್ನು ಗುಳ್ಳೆಯ ತುದಿಗೆ ಮಾತ್ರ ಹಚ್ಚದೆ ಮೊಡವೆ ಬರುವ ಪ್ರದೇಶಕ್ಕೆಲ್ಲ ಹಚ್ಚಬೇಕಾದದ್ದೂ, ಆರರಿಂದ ಎಂಟು ವಾರಗಳವರೆಗೆ ಹೇಳಿಕೊಳ್ಳುವಂಥ ಗುಣ ಕಾಣದಿರುವುದೂ, ಫಲಾಫಲವನ್ನು ನಿರ್ಧರಿಸಲು ಸುಮಾರು ಮೂರು ತಿಂಗಳು ಕಾಯಬೇಕಾದದ್ದೂ ಇದರಿಂದಲೇ. ಹತ್ತು ದಿನ ಹಚ್ಚಿ, ಗುಣವಾಗಲಿಲ್ಲವೆಂದು ಬಿಟ್ಟು, ಗೆಳತಿ ಹೇಳಿದ ಇನ್ನೊಂದನ್ನು ಹಿಡಿದು, ಅದನ್ನೂ ಬಿಟ್ಟವರು ಒಳ್ಳೆಯ ಔಷಧಗಳನ್ನೆಲ್ಲ ಒಂದೊಂದಾಗಿ ತ್ಯಜಿಸಿ ನಿರಾಶರಾಗುತ್ತಾರೆ.

ಔಷಧಗಳಿಗೆ ಬರುವ ಮೊದಲು ಆಹಾರದ ಮಾತು. ಮಾವಿನಹಣ್ಣು, ಕಡಲೆಕಾಯಿ, ಕರಿದ ತಿಂಡಿ, ಇವುಗಳಿಂದ ಉಷ್ಣವಾಗಿ ಮೊಡವೆಯೇಳುತ್ತದೆಂಬ ನಂಬಿಕೆ ನಮ್ಮಲ್ಲಿ ದೃಢವಾಗಿದೆ. ಪಾಶ್ಚಾತ್ಯರಲ್ಲಿ ಈ ಆರೋಪವನ್ನು ಬಹುಕಾಲ ಹೊತ್ತಿದ್ದದ್ದು ಚಾಕೊಲೇಟು. 1969ರಲ್ಲಿ ಅಮೆರಿಕದಲ್ಲಿ ಫುಲ್ಟನ್, ಪ್ಲೆವಿಗ್, ಕ್ಲಿಗ್‌ಮನ್ ಎಂಬುವರು ಕೆಲವರಿಗೆ ಚಾಕೊಲೇಟಿನ ಗಟ್ಟಿಯನ್ನೂ, ಅದೇ ಜನಕ್ಕೆ ಬೇರೆ ಅವಧಿಯಲ್ಲಿ ಚಾಕೊಲೇಟಿಲ್ಲದ ಗಟ್ಟಿಯನ್ನೂ ತಿನ್ನಿಸಿ, ಭೇದವೇನೂ ಕಾಣಲಿಲ್ಲವೆಂದು ಬರೆದರು. ಆಹಾರಕ್ಕೂ ಮೊಡವೆಗೂ ಸಂಬಂಧವಿಲ್ಲವೆಂದು ವೈದ್ಯರು ಹಲವು ದಶಕಗಳ ಕಾಲ ಹೇಳುತ್ತ ಬಂದದ್ದಕ್ಕೆ ಈ ಪ್ರಯೋಗವೂ ಒಂದು ಆಧಾರವಾಗಿತ್ತು. ಆದರೆ ಆ ಎರಡನೆಯ ಗಟ್ಟಿಯಲ್ಲಿಯೂ ಸಕ್ಕರೆ ಮತ್ತು ಕೊಬ್ಬು ಸಮೃದ್ಧವಾಗಿಯೇ ಇದ್ದವೆಂಬುದನ್ನು ಅನಂತರದವರು ಎತ್ತಿ ತೋರಿಸಿದರು. 2002ರಲ್ಲಿ ಪ್ರಕಟವಾದ ಒಂದು ಲೇಖನದಲ್ಲಿ, ಪಪುವಾ ನ್ಯೂಗಿನಿಗೆ ಸೇರಿದ ಕಿಟಾವಾ ದ್ವೀಪದಲ್ಲಿ ಗೆಡ್ಡೆಗೆಣಸು, ಹಣ್ಣು, ಮೀನು, ತೆಂಗಿನಕಾಯಿಗಳನ್ನು ತಿಂದು ಬಾಳುವ 1200 ಮಂದಿಯನ್ನು ಪರೀಕ್ಷಿಸಿದಾಗ ಒಬ್ಬರ ಮುಖದಲ್ಲಿಯೂ ಮೊಡವೆ ಕಾಣಲಿಲ್ಲವೆಂಬ ವರದಿ ಬಂದಿತು. ಇದರಲ್ಲಿ ವಂಶಗುಣದ ಪಾಲೆಷ್ಟು, ಊಟದ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಸದ್ಯಕ್ಕೆ ಒಪ್ಪಬಹುದಾದುದು ಇಷ್ಟು: ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸತಕ್ಕ ಸಿಹಿಪಾನೀಯ, ಬೇಕರಿಯ ತಿನಿಸು, ಮೈದಾ ಮುಂತಾದವುಗಳನ್ನು ತಗ್ಗಿಸಿದರೆ ಕೆಲವರಿಗೆ ಅನುಕೂಲವಾಗುತ್ತದೆ, ಹಾಲಿನಿಂದ, ಅದರಲ್ಲಿಯೂ ಕೆನೆ ತೆಗೆದ ಹಾಲಿನಿಂದ, ಕೆಲವರಿಗೆ ಹೆಚ್ಚಾಗುವಂತೆ ತೋರುತ್ತದೆ, ವ್ಯಾಯಾಮಶಾಲೆಗೆ ಹೋಗುವ ಹುಡುಗರು ಸೇವಿಸುವ ವೇ ಪ್ರೋಟೀನಿನ ಪುಡಿಯ ಮೇಲೆಯೂ ಇದೇ ಶಂಕೆಯಿದೆ. ಅವರಲ್ಲಿ ಕೆಲವರು ಮಾಂಸಖಂಡ ಬೆಳೆಸಲೆಂದು ಚುಚ್ಚಿಸಿಕೊಳ್ಳುವ ಹಾರ್ಮೋನುಗಳ ಮೇಲಂತೂ ಶಂಕೆಯಲ್ಲ, ನಿಶ್ಚಯವೇ ಇದೆ. ಎದೆ ಬೆನ್ನುಗಳ ತುಂಬ ಭೀಕರವಾದ ಮೊಡವೆಯನ್ನು ಅವು ತರುತ್ತವೆ. ಮಾವಿನಕಾಲದಲ್ಲಿ ಮಗುವಿನ ಕೈಯಿಂದ ಹಣ್ಣನ್ನು ಕಿತ್ತುಕೊಳ್ಳುವುದಕ್ಕೆ ಮಾತ್ರ ಸಾಕಷ್ಟು ಆಧಾರವಿಲ್ಲ.

ತಲೆಗೆ ಹಚ್ಚುವ ಎಣ್ಣೆಯ ವಿಷಯ ಬೇರೆ. ಕೂದಲಿಗೆ ಜಿಡ್ಡುಪದಾರ್ಥ ಬಳಿದುಕೊಳ್ಳುವ ಜನರಲ್ಲಿ ಹಣೆಯ ಅಂಚಿನುದ್ದಕ್ಕೂ ಒತ್ತಾಗಿ ಏಳುವ ಸಣ್ಣ ಗುಳ್ಳೆಗಳನ್ನು ವೈದ್ಯರು ಪ್ರತ್ಯೇಕವಾಗಿಯೇ ಗುರುತಿಸಿದ್ದಾರೆ. ಎಣ್ಣೆ ಹಚ್ಚುವ ನಮ್ಮ ಸಂಪ್ರದಾಯವನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಹಣೆಯ ಮೇಲೆ ಇಳಿಯುವಷ್ಟು ಹಚ್ಚಬಾರದು, ಹಚ್ಚಿಕೊಂಡು ಅದೇ ದಿಂಬಿನ ಮೇಲೆ ಮುಖವಿಟ್ಟು ಮಲಗಬಾರದು, ಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಿ ತೊಳೆದುಕೊಂಡರೆ ಸಾಕು.

ಮುಖವನ್ನು ದಿನಕ್ಕೆ ಎರಡು ಬಾರಿ ಮೃದುವಾದ ಸಾಬೂನಿನಿಂದಲೋ ಫೇಸ್‌ವಾಶಿನಿಂದಲೋ ತೊಳೆದರೆ ಸಾಕು. ಹತ್ತು ಬಾರಿ ತೊಳೆದು, ಕಡಲೆಹಿಟ್ಟು ಹಾಕಿ ಉಜ್ಜಿ, ನಿಂಬೆರಸ ಹಿಂಡಿ, ಹಲ್ಲುಜ್ಜುವ ಪೇಸ್ಟು ಮೆತ್ತಿ ಚರ್ಮವನ್ನು ಪೀಡಿಸುವುದರಿಂದ ಕೂಪದೊಳಗಿನ ತಡೆ ಬಿಡುವುದಿಲ್ಲ. ಮೇಲಿನ ಚರ್ಮ ಮಾತ್ರ ಸುಡುತ್ತದೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಕಪ್ಪು ಕಲೆಗಳು ಬೀಳುವುದೂ ಉಂಟು. ಅಜ್ಜಿಯರು ತೇದು ಹಚ್ಚುವ ಗಂಧ, ಜಾಯಿಕಾಯಿಗಳ ಬಗೆಗೆ ನನಗೆ ಪ್ರೀತಿಯೇ ಇದೆ. ಗಂಧ ತಂಪೆನಿಸುತ್ತದೆ, ಒಂದೆರಡು ಗುಳ್ಳೆಗಳಿದ್ದವರಿಗೆ ಸಾಮಾನ್ಯವಾಗಿ ಕೇಡೇನೂ ಆಗದು. ಆದರೆ ಕೀವು ತುಂಬಿದ ಗಂಟುಗಳು ಎದ್ದ ಮುಖಕ್ಕೆ ಲೇಪ ಹಚ್ಚುತ್ತ ವರ್ಷ ಕಳೆಯುವುದೆಂದರೆ, ಆ ವರ್ಷದಲ್ಲಿ ಬೀಳುವ ಗುಳಿಗಳನ್ನು ಜೀವಮಾನಕ್ಕೆ ಒಪ್ಪಿಕೊಂಡಂತೆ. ಗುಳ್ಳೆಯನ್ನು ಉಗುರಿನಿಂದ ಹಿಚುಕುವ ಅಭ್ಯಾಸವೂ ಅಂಥದೇ. ಹೊರಗೆ ಬಂದದ್ದಕ್ಕಿಂತ ಹೆಚ್ಚಿನದು ಒಳಕ್ಕೆ ಒಡೆದು ಉರಿಯೂತ ಆಳಕ್ಕಿಳಿಯುತ್ತದೆ.

ಮೊಡವೆಯ ಔಷಧಗಳಲ್ಲಿ ಮೂಲಕ್ಕೇ ಕೈಹಾಕತಕ್ಕವು ರೆಟಿನಾಯ್ಡುಗಳು. ಎ ಜೀವಸತ್ವದ ವಂಶಕ್ಕೆ ಸೇರಿದ ಇವು ಕೂಪದೊಳಗಿನ ಕೋಶಗಳು ಅಂಟಿಕೊಳ್ಳದೆ ಉದುರುವಂತೆ ಮಾಡುತ್ತವೆ. ಗುಳ್ಳೆಯನ್ನಲ್ಲ, ಗುಳ್ಳೆಯ ಹುಟ್ಟನ್ನೇ ತಡೆಯುತ್ತವೆ. ಟ್ರೆಟಿನಾಯಿನ್ ಎಂಬುದು ಅಮೆರಿಕದಲ್ಲಿ 1971ರಲ್ಲಿ ಚಿಕಿತ್ಸೆಗೆ ಬಂದಿತು. ಅಡಾಪಲೀನ್ ಎಂಬುದು ಅದರ ಅನಂತರದ್ದು, ಚರ್ಮಕ್ಕೆ ಹೆಚ್ಚು ಸೌಮ್ಯವಾದದ್ದು. ರಾತ್ರಿ ಮುಖ ತೊಳೆದು ಪೂರ್ಣವಾಗಿ ಒಣಗಿದ ಮೇಲೆ ಬಟಾಣಿ ಕಾಳಿನಷ್ಟು ಔಷಧವನ್ನು ಕಣ್ಣು, ತುಟಿ, ಮೂಗಿನ ಅಂಚುಗಳನ್ನು ಬಿಟ್ಟು ಮುಖಕ್ಕೆಲ್ಲ ತೆಳುವಾಗಿ ಸವರಬೇಕು. ಮೊದಲ ವಾರಗಳಲ್ಲಿ ಚರ್ಮ ಒಣಗಿ ಹೊಟ್ಟೇಳುವುದೂ, ಮೊಡವೆ ಕೊಂಚ ಕೆರಳಿದಂತೆ ಕಾಣುವುದೂ ಸಾಮಾನ್ಯ. ಆಗ ಬಿಟ್ಟುಬಿಡದೆ ದಿನ ಬಿಟ್ಟು ದಿನ ಹಚ್ಚುತ್ತ, ಮಾಯಿಶ್ಚರೈಸರ್ ಉಪಯೋಗಿಸುತ್ತ ಅಭ್ಯಾಸ ಮಾಡಿಕೊಳ್ಳಬೇಕು. ಗರ್ಭಿಣಿಯರಿಗೆ ಇವು ಸಲ್ಲವು.

ಎರಡನೆಯದು ಬೆಂಜಾಯಿಲ್ ಪೆರಾಕ್ಸೈಡ್. ಇದು ಕೂಪದೊಳಗೆ ಆಮ್ಲಜನಕವನ್ನು ಬಿಡುಗಡೆ ಮಾಡಿ, ಗಾಳಿಯಾಡದ ಸ್ಥಳದಲ್ಲಿ ಬೆಳೆಯುವ ಆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಇದರ ವಿರುದ್ಧ ಬ್ಯಾಕ್ಟೀರಿಯಾ ನಿರೋಧಶಕ್ತಿಯನ್ನು ಬೆಳೆಸಿಕೊಳ್ಳುವುದಿಲ್ಲವೆಂಬುದು ಇದರ ದೊಡ್ಡ ಗುಣ. ಶೇಕಡಾ 10ರ ಔಷಧ ಕೊಡುವ ಫಲವನ್ನು ಶೇಕಡಾ 2.5ರದೂ ಹೆಚ್ಚುಕಡಿಮೆ ಕೊಡುತ್ತದೆ, ಉರಿ ಮಾತ್ರ ಕಡಿಮೆ. ಆದುದರಿಂದ ಬಲವಾದದ್ದೇ ಬೇಕೆಂದು ಹಟ ಹಿಡಿಯಬೇಕಾಗಿಲ್ಲ. ದಿಂಬಿನ ಚೀಲ, ಟವಲು, ಬಣ್ಣದ ಬಟ್ಟೆಗಳಿಗೆ ತಗಲಿದರೆ ಅವು ಬಿಳಿಚಿಹೋಗುತ್ತವೆ. ಅಂಗಡಿಗಳಲ್ಲಿ ಹೆಚ್ಚಾಗಿ ಮಾರಾಟವಾಗುವ ಕ್ಲಿಂಡಾಮೈಸಿನ್ ಜೆಲ್ಲನ್ನು ಇದರ ಜೊತೆಯಲ್ಲದೆ ಒಂಟಿಯಾಗಿ ತಿಂಗಳುಗಟ್ಟಲೆ ಹಚ್ಚಬಾರದು. ಹಾಗೆ ಮಾಡಿದರೆ ಬ್ಯಾಕ್ಟೀರಿಯಾ ಆ ಔಷಧಕ್ಕೆ ಬಗ್ಗದಂತಾಗುತ್ತದೆ. ಗೋಧಿ, ಬಾರ್ಲಿಗಳಲ್ಲಿಯೂ ದೊರೆಯುವ ಅಜೆಲಾಯಿಕ್ ಆಮ್ಲವೆಂಬುದು ಮೊಡವೆಗೂ ಅದರ ಕಪ್ಪು ಕಲೆಗೂ ಏಕಕಾಲದಲ್ಲಿ ಹಿತವಾದದ್ದು; ಗರ್ಭಿಣಿಯರಿಗೂ ವೈದ್ಯರು ಕೊಡಬಹುದಾದ ಕೆಲವೇ ಔಷಧಗಳಲ್ಲಿ ಅದೊಂದು.

ಈಗ ನಾನು ಅತ್ಯಂತ ಕಳವಳದಿಂದ ಹೇಳಬೇಕಾದ ಮಾತಿಗೆ ಬರುತ್ತೇನೆ. ಔಷಧದ ಅಂಗಡಿಗೆ ಹೋಗಿ 'ಮೊಡವೆಗೆ ಏನಾದರೂ ಕೊಡಿ' ಎಂದವರಿಗೂ, 'ಮುಖ ಬೆಳ್ಳಗಾಗಲು ಏನಾದರೂ ಕೊಡಿ' ಎಂದವರಿಗೂ ನಮ್ಮ ದೇಶದಲ್ಲಿ ಬಹುಕಾಲದಿಂದ ದೊರೆಯುತ್ತ ಬಂದಿರುವುದು ಸ್ಟೀರಾಯ್ಡ್ ಬೆರೆತ ಮುಲಾಮು. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಸಾಲ್, ಈ ಮೂರು ಹೆಸರುಗಳನ್ನು ದಯವಿಟ್ಟು ಕೇಳಿಸಿಕೊಳ್ಳಿ, ಸಾಧ್ಯವಾದರೆ ಬರೆದುಕೊಳ್ಳಿ. ಇವನ್ನು ಹಚ್ಚಿದರೆ ಮೂರು ನಾಲ್ಕು ದಿನಗಳಲ್ಲಿಯೇ ಕೆಂಪು ಇಳಿಯುತ್ತದೆ, ಬಾವು ಕುಗ್ಗುತ್ತದೆ, ಮುಖ ಬೆಳ್ಳಗೆ ಹೊಳೆಯುತ್ತದೆ. ನಿಜವಾದ ಔಷಧ ಮೂರು ತಿಂಗಳು ಕೇಳುವಾಗ ಇದು ಮೂರು ದಿನಗಳಲ್ಲಿ ಫಲ ಕೊಟ್ಟಿತೆಂದು ಜನ ನಂಬಿದರೆ ಅವರನ್ನು ದೂರುವುದು ಹೇಗೆ? ಇದು ಮಾಡಿದ್ದಾದರೂ ಇಷ್ಟೇ: ಕಾಣುವ ಉರಿಯೂತವನ್ನು ಅದುಮಿತು, ಕಾಣದ ಕೂಪದ ತಡೆಯನ್ನು ಹಾಗೆಯೇ ಬಿಟ್ಟಿತು. ವಾರಗಳು ಕಳೆದಂತೆ ಚರ್ಮ ತೆಳುವಾಗುತ್ತದೆ. ಕೆನ್ನೆಯ ಮೇಲೆ ಕೆಂಪು ರಕ್ತನಾಳಗಳ ಬಲೆ ಮೂಡುತ್ತದೆ. ಹೆಣ್ಣುಮಕ್ಕಳ ಮುಖದಲ್ಲಿ ರೋಮ ಹುಟ್ಟುತ್ತದೆ. ಬಿಸಿಲು ಬಿದ್ದರೆ ಉರಿಯುತ್ತದೆ. ಮೊಡವೆಯೂ ಹೊಸದಾಗಿ, ಒಂದೇ ಗಾತ್ರದ ಅಸಂಖ್ಯ ಗುಳ್ಳೆಗಳಾಗಿ ಏಳುತ್ತದೆ. ಹಚ್ಚುವುದನ್ನು ನಿಲ್ಲಿಸಿದರೆ ಎಲ್ಲವೂ ಒಮ್ಮೆಗೇ ಕೆರಳುವುದರಿಂದ ಭಯಪಟ್ಟು ಮತ್ತೆ ಹಚ್ಚುತ್ತಾರೆ. ಹೀಗೆ ವರ್ಷಾನುಗಟ್ಟಲೆ ಬಿಡಲಾರದೆ ಹಚ್ಚುತ್ತಿರುವವರು ಎಷ್ಟೋ ಮಂದಿ. ಭಾರತದ ಚರ್ಮರೋಗ ತಜ್ಞರ ಸಂಘವು ಇದರ ವಿರುದ್ಧ ಕಾರ್ಯಪಡೆಯನ್ನೇ ರಚಿಸಿ ದೀರ್ಘಕಾಲ ಹೋರಾಡಿತು. 2018ರಲ್ಲಿ ಕೇಂದ್ರ ಸರ್ಕಾರವು ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಔಷಧಗಳ ಪಟ್ಟಿಗೆ ಸೇರಿಸಿತು. ಕಾನೂನು ಬಂದಿದೆ, ಅದನ್ನು ನಡಸತಕ್ಕವರು ಅಂಗಡಿಯವರೂ ಕೊಳ್ಳುವವರೂ ಆಗಿದ್ದಾರೆ. ಈಗಾಗಲೇ ಇವನ್ನು ತಿಂಗಳುಗಟ್ಟಲೆ ಹಚ್ಚಿಕೊಂಡವರು ನಾಳೆಯೇ ತಾವಾಗಿ ಬಿಸಾಡದೆ ವೈದ್ಯರ ಬಳಿಗೆ ಹೋಗಬೇಕು. ಬಿಡಿಸುವ ಕ್ರಮವೊಂದಿದೆ, ಅದರಿಂದ ಕೆರಳುವ ಬಾಧೆ ಸಹ್ಯವಾಗುತ್ತದೆ.

ಲೇಪನಗಳಿಂದ ಸಾಲದೆ, ಉರಿಯೂತ ಎದೆ ಬೆನ್ನುಗಳವರೆಗೂ ಹಬ್ಬಿದ್ದರೆ ಡಾಕ್ಸಿಸೈಕ್ಲಿನ್ ಮುಂತಾದ ಮಾತ್ರೆಗಳನ್ನು ಕೊಡುತ್ತಾರೆ. ಇವನ್ನು ಸಾಧ್ಯವಾದಷ್ಟೂ ಮೂರು ತಿಂಗಳಿಗೆ ಮುಗಿಸಬೇಕು. ದೊಡ್ಡ ಲೋಟದ ತುಂಬ ನೀರಿನೊಡನೆ ನುಂಗಬೇಕು, ನುಂಗಿದೊಡನೆ ಮಲಗಬಾರದು, ಏಕೆಂದರೆ ಮಾತ್ರೆ ಅನ್ನನಾಳದಲ್ಲಿ ನಿಂತರೆ ಅಲ್ಲಿ ಹುಣ್ಣಾಗುತ್ತದೆ. ಗರ್ಭಿಣಿಯರಿಗೂ ಎಂಟು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೂ ಇದನ್ನು ಕೊಡುವುದಿಲ್ಲ.

ಸ್ತ್ರೀಯರಲ್ಲಿ ಇಪ್ಪತ್ತೈದು ಕಳೆದ ಮೇಲೂ ಮೊಡವೆ ನಿಲ್ಲದೆ ದವಡೆ ಗದ್ದಗಳ ಸಾಲಿನಲ್ಲಿ ತಿಂಗಳ ಮುಟ್ಟಿಗೆ ಮುಂಚಿತವಾಗಿ ಏಳುತ್ತಿರುವುದು ಅಪರೂಪವಲ್ಲ. ಮದುವೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲವೆಂಬುದಕ್ಕೆ ಮಕ್ಕಳ ತಾಯಂದಿರಾದ ಈ ಸ್ತ್ರೀಯರೇ ಸಾಕ್ಷಿ. ಇದರ ಜೊತೆಗೆ ಮುಟ್ಟು ಕ್ರಮ ತಪ್ಪುತ್ತಿದ್ದರೆ, ಗದ್ದದಲ್ಲಿ ಒರಟು ಕೂದಲು ಬೆಳೆಯುತ್ತಿದ್ದರೆ, ತೂಕ ಏರುತ್ತಿದ್ದರೆ, ಪಿಸಿಒಎಸ್ ಎಂದು ಈಗ ಮನೆಮಾತಾಗಿರುವ ಅಂಡಾಶಯದ ತೊಂದರೆ ಇದೆಯೇ ಎಂದು ಪರೀಕ್ಷಿಸಬೇಕು. ಅಂಥವರಿಗೆ ಹಾರ್ಮೋನಿನ ಮಾತ್ರೆಗಳೂ, ಮೊದಲು ರಕ್ತದೊತ್ತಡಕ್ಕೆ ಬಳಕೆಯಲ್ಲಿದ್ದು ಆಂಡ್ರೊಜೆನ್ನಿನ ಕೆಲಸವನ್ನು ತಡೆಯುವುದರಿಂದ ಮೊಡವೆಗೂ ಬಂದ ಸ್ಪೈರೊನೊಲ್ಯಾಕ್ಟೋನ್ ಎಂಬ ಔಷಧವೂ ಹಿತಕರವಾಗುತ್ತವೆ. ಇದೂ ಗರ್ಭಕಾಲದಲ್ಲಿ ವರ್ಜ್ಯ.

ಎಲ್ಲಕ್ಕಿಂತ ಪ್ರಬಲವಾದದ್ದು ಐಸೊಟ್ರೆಟಿನಾಯಿನ್ ಎಂಬ ನುಂಗುವ ಔಷಧ. ಜಿಡ್ಡಿನ ಗ್ರಂಥಿಯನ್ನೇ ಕುಗ್ಗಿಸತಕ್ಕ ಇದನ್ನು ಅಮೆರಿಕದ ಗ್ಯಾರಿ ಪೆಕ್ ಮತ್ತು ಅವರ ಸಂಗಡಿಗರು ಬೇರಾವ ಚಿಕಿತ್ಸೆಗೂ ಬಗ್ಗದ ಭೀಕರ ಗಂಟುಮೊಡವೆಯ 14 ರೋಗಿಗಳಿಗೆ ನಾಲ್ಕು ತಿಂಗಳು ಕೊಟ್ಟು, 13 ಮಂದಿಯ ರೋಗ ಸಂಪೂರ್ಣವಾಗಿ ಅಳಿದುದನ್ನು 1979ರಲ್ಲಿ ಪ್ರಕಟಿಸಿದರು; ಚಿಕಿತ್ಸೆ ನಿಲ್ಲಿಸಿದ ಅನಂತರವೂ ಗುಣ ಉಳಿದುದು ವೈದ್ಯಲೋಕಕ್ಕೆ ಆಶ್ಚರ್ಯವಾಗಿತ್ತು. 1982ರಲ್ಲಿ ಅಲ್ಲಿನ ಸರ್ಕಾರದ ಒಪ್ಪಿಗೆ ದೊರೆಯಿತು. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ಒಟ್ಟು 120ರಿಂದ 150 ಮಿಲಿಗ್ರಾಮ್ ಆಗುವಷ್ಟನ್ನು, ಅಂದರೆ 60 ಕಿಲೋಗ್ರಾಮಿನವರಿಗೆ 7200ರಿಂದ 9000 ಮಿಲಿಗ್ರಾಮನ್ನು, ಹಲವು ತಿಂಗಳುಗಳಲ್ಲಿ ಹಂಚಿ ಕೊಡುವುದು ಸಾಮಾನ್ಯ ಕ್ರಮ. ಊಟದೊಡನೆ ತೆಗೆದುಕೊಂಡರೆ ಚೆನ್ನಾಗಿ ರಕ್ತಗತವಾಗುತ್ತದೆ. ತುಟಿ ಒಡೆಯುವುದೂ ಕಣ್ಣು ಮೂಗು ಒಣಗುವುದೂ ಪ್ರಾಯಃ ಎಲ್ಲರಿಗೂ ಆಗುವಂಥದು. ರಕ್ತದ ಕೊಬ್ಬು ಮತ್ತು ಯಕೃತ್ತಿನ ಪರೀಕ್ಷೆಯನ್ನು ವೈದ್ಯರು ಮಾಡಿಸುತ್ತಾರೆ. ಮನಸ್ಸಿನ ಮೇಲೆ ಇದರ ಪರಿಣಾಮವೇನೆಂಬ ಚರ್ಚೆ ಇನ್ನೂ ಮುಗಿದಿಲ್ಲವಾದ್ದರಿಂದ, ಮಾತ್ರೆ ನುಂಗುತ್ತಿರುವ ಮಗು ಮಂಕಾದಂತೆ ಕಂಡರೆ ಮನೆಯವರು ವೈದ್ಯರಿಗೆ ತಿಳಿಸಬೇಕು.

ಒಂದು ಅಪಾಯವನ್ನು ಮಾತ್ರ ಒತ್ತಿ ಹೇಳಬೇಕು. ಈ ಔಷಧ ಶರೀರದಲ್ಲಿರುವಾಗ ಗರ್ಭ ನಿಂತರೆ ಶಿಶುವಿನ ಮಿದುಳು, ಹೃದಯ, ಕಿವಿಗಳು ಘೋರವಾಗಿ ವಿಕೃತವಾಗಬಹುದು. ಆದುದರಿಂದ ಗರ್ಭಿಣಿಯಲ್ಲವೆಂದು ಪರೀಕ್ಷೆಯಿಂದ ಖಚಿತಪಡಿಸಿಕೊಂಡ ಮೇಲೆಯೇ ಪ್ರಾರಂಭಿಸಬೇಕು. ಸೇವಿಸುತ್ತಿರುವಷ್ಟು ಕಾಲವೂ, ನಿಲ್ಲಿಸಿದ ಮೇಲೆ ಇನ್ನೂ ಒಂದು ತಿಂಗಳೂ ಗರ್ಭಧಾರಣೆಯಾಗಬಾರದು. ಅಷ್ಟೇ ಕಾಲ ಸ್ತ್ರೀಪುರುಷರಾರೂ ರಕ್ತದಾನವನ್ನೂ ಮಾಡಬಾರದು, ಆ ರಕ್ತ ಗರ್ಭಿಣಿಯೊಬ್ಬಳಿಗೆ ಸೇರಬಹುದಾದ ಕಾರಣ. ಮದುವೆ ನಿಶ್ಚಯವಾದ ಹುಡುಗಿಗೆ, ಮುಖ ಬೇಗ ನುಣುಪಾಗಲೆಂದು ಯಾರದೋ ಚೀಟಿ ತೋರಿಸಿ ಈ ಮಾತ್ರೆಯನ್ನು ತಂದುಕೊಡುವುದು ಎಂಥ ಅನರ್ಥಕ್ಕೆ ದಾರಿಯೆಂಬುದನ್ನು ತಾಯಿತಂದೆಗಳು ಯೋಚಿಸಬೇಕು.

ಮೊಡವೆ ಹೋದ ಮೇಲೆ ಉಳಿಯುವುವು ಎರಡು ಬಗೆ. ನಮ್ಮಂಥ ಕಂದುಬಣ್ಣದ ಚರ್ಮದಲ್ಲಿ ಮೊಡವೆಯ ಸ್ಥಳದಲ್ಲಿ ಕಪ್ಪಾದ, ಆದರೆ ಸಮತಟ್ಟಾದ ಕಲೆಗಳು ಉಳಿಯುವುದು ಬಹು ಸಾಮಾನ್ಯ; ಇವು ತಿಂಗಳುಗಳು ಕಳೆದಂತೆ ತಾವಾಗಿಯೇ ಮಾಸುತ್ತವೆ, ಬಿಸಿಲಿನಿಂದ ರಕ್ಷಿಸಿಕೊಂಡರೆ ಬೇಗ, ರಕ್ಷಿಸಿಕೊಳ್ಳದಿದ್ದರೆ ನಿಧಾನ. ಹಗಲಿನಲ್ಲಿ ಸನ್‌ಸ್ಕ್ರೀನ್ ಹಚ್ಚಿಕೊಳ್ಳಬೇಕೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ ಹೊರತು ಅದು ಅಲಂಕಾರದ ಮಾತಲ್ಲ. ಗುಳಿಗಳು ಬೇರೆ, ಅವು ತಾವಾಗಿ ತುಂಬಿಕೊಳ್ಳುವುದಿಲ್ಲ. ಸೂಜಿಯಿಂದ ಚುಚ್ಚಿದಂಥ ಕಿರಿದಾದ ಆಳದ ಗುಳಿಗಳಿಗೆ ಆಮ್ಲದ ಸ್ಪರ್ಶ, ಅಗಲವಾದ ತಗ್ಗುಗಳಿಗೆ ಒಳಗಿನ ಎಳೆಗಳನ್ನು ಸೂಜಿಯಿಂದ ಬಿಡಿಸುವ ಕ್ರಮ, ಮೈಕ್ರೋನೀಡ್ಲಿಂಗ್, ಲೇಸರ್ ಎಂಬಿವೆಲ್ಲ ಇವೆ. ನಮ್ಮ ಬಣ್ಣದ ಚರ್ಮದಲ್ಲಿ ಲೇಸರಿನಿಂದ ಹೊಸ ಕಪ್ಪು ಕಲೆ ಬೀಳುವ ಸಂಭವವಿರುವುದರಿಂದ ಅನುಭವಸ್ಥರ ಕೈಯಲ್ಲಿಯೇ ಆಗಬೇಕು. ಪೂರ್ಣವಾಗಿ ಅಳಿಸಿಬಿಡುತ್ತೇವೆಂದು ಯಾರಾದರೂ ಹೇಳಿದರೆ ಆ ಮಾತನ್ನು ನಂಬಬೇಡಿ. ಗಮನಾರ್ಹವಾಗಿ ತಗ್ಗಿಸುವುದು ಸಾಧ್ಯ. ಮೊಡವೆ ಸಂಪೂರ್ಣವಾಗಿ ಹತೋಟಿಗೆ ಬಂದ ಮೇಲೆಯೇ ಇವುಗಳ ಸರದಿ. ಎದೆ, ಹೆಗಲು, ದವಡೆಗಳ ಮೇಲೆ ಗುಳಿಯಾಗದೆ ಉಬ್ಬಿ ಗಟ್ಟಿಯಾದ ಗಾಯದ ಗುರುತುಗಳಿಗೆ, ಮುಖಕ್ಕೆ ಹಚ್ಚಬೇಡಿರೆಂದು ಈಗ ತಾನೇ ಹೇಳಿದ ಅದೇ ಸ್ಟೀರಾಯ್ಡ್ ವರ್ಗದ ಔಷಧವನ್ನು ವೈದ್ಯರು ಸೂಜಿಯ ಮೂಲಕ ಒಳಗೆ ಚುಚ್ಚಿ ಕುಗ್ಗಿಸುತ್ತಾರೆ. ಔಷಧದ ವರ್ಗ ಅದೇ; ಕೈ ಬೇರೆ, ಪ್ರಮಾಣ ಬೇರೆ.

ಕೆಲವೇ ಬಿಳಿ ಕಪ್ಪು ಮೊನೆಗಳಿದ್ದವರು ಕುಟುಂಬದ ವೈದ್ಯರನ್ನು ಕಂಡರೂ ಸಾಕು. ಗಂಟುಗಳಾಗುತ್ತಿದ್ದರೆ, ಒಂದಾದರೂ ಗುಳಿ ಬಿದ್ದಿದ್ದರೆ, ಮಗು ಶಾಲೆಗೆ ಹೋಗಲು ಹಿಂಜರಿಯುತ್ತಿದ್ದರೆ, ತಡಮಾಡದೆ ಚರ್ಮರೋಗ ತಜ್ಞರನ್ನೇ ಕಾಣಬೇಕು. ಖಾಸಗಿ ವೈದ್ಯರ ಶುಲ್ಕ ಭಾರವೆನಿಸುವವರಿಗೆ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ, ಬೆಂಗಳೂರಿನ ಬೌರಿಂಗ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಕಿಮ್ಸ್ ಎಂದೇ ಪರಿಚಿತವಾದ ಹುಬ್ಬಳ್ಳಿಯ ಆಸ್ಪತ್ರೆ ಮೊದಲಾದ ಕಡೆ, ಚರ್ಮರೋಗ ವಿಭಾಗಗಳಿವೆ. ಹೋಗುವಾಗ ಇದುವರೆಗೆ ಮುಖಕ್ಕೆ ಹಚ್ಚಿದ ಮುಲಾಮುಗಳ ಕೊಳವೆಗಳನ್ನು, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿರಿ. ಬೇರೆ ಕಾಯಿಲೆಗೆ ನುಂಗುತ್ತಿರುವ ಮಾತ್ರೆಗಳನ್ನು ಹೇಳಿರಿ, ಏಕೆಂದರೆ ಕ್ಷಯಕ್ಕೆ ಕೊಡುವ ಐಸೊನಿಯಾಜಿಡ್, ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಮುಂತಾದವುಗಳಿಂದಲೂ ಮೊಡವೆಯಂಥ ಗುಳ್ಳೆಗಳೇಳುವುದುಂಟು. ಹೆಣ್ಣುಮಕ್ಕಳಾದರೆ ಮುಟ್ಟಿನ ದಿನಾಂಕಗಳನ್ನು ಬರೆದುಕೊಂಡಿರಲಿ. ಮಗು ವೈದ್ಯರೊಡನೆ ಒಂಟಿಯಾಗಿ ಮಾತಾಡಬೇಕೆಂದರೆ ತಂದೆತಾಯಿಗಳು ಸ್ವಲ್ಪ ಹೊತ್ತು ಹೊರಗೆ ಕುಳಿತಿರಲಿ. ಮತ್ತು ಆ ದಿನವೇ ಮೂರು ತಿಂಗಳ ಅನಂತರದ ಭೇಟಿಯ ದಿನವನ್ನೂ ಕೇಳಿ ಗುರುತುಮಾಡಿಕೊಂಡು ಬನ್ನಿ.